ತೂಕ ಇಳಿಸುವ ಮದ್ದು ಮತ್ತು ಸತ್ಯಸಂಧತೆ

ಕಾಯಿಲೆ ಬಂದಾಗ ಮದ್ದು ಮಾಡಬೇಕೇ ಅಥವಾ ಎಲ್ಲವನ್ನೂ ಅಲ್ಲಾಹನಿಗೆ ಬಿಟ್ಟು ಸುಮ್ಮನಿರಬೇಕೇ ಎಂಬ ಸಂಶಯ ಇಂದಿನದಲ್ಲ. ಮರುಭೂಮಿಯ ಹಳ್ಳಿಗಾಡಿನಿಂದ ಬಂದ ಅರಬರು ಪ್ರವಾದಿವರ್ಯರಲ್ಲಿ(ಸ) ಇದನ್ನೇ ಕೇಳಿದ್ದರು. ಮದ್ದು ಮಾಡಿಕೊಳ್ಳುವಂತೆ ಅವರು ಆದೇಶಿಸಿದರು. ಮುಪ್ಪಿನ ಹೊರತು ಪ್ರತಿಯೊಂದು ರೋಗಕ್ಕೂ ಅಲ್ಲಾಹನು ಮದ್ದನ್ನು ಇಟ್ಟಿದ್ದಾನೆಂದು ತಿಳಿಸಿದರು. ಆದುದರಿಂದ ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಾದ ಕಾರ್ಯವಲ್ಲ.

ಈ ಮಾತು ಬೊಜ್ಜಿಗೂ ಅನ್ವಯಿಸುತ್ತದೆ. ಮಿತಿಮೀರಿದ ಬೊಜ್ಜು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಹೃದ್ರೋಗ ಮುಂತಾದವುಗಳಿಗೆ ದಾರಿ ಮಾಡಿಕೊಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 24 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಕರ್ನಾಟಕದಲ್ಲಿ ಈ ಸಂಖ್ಯೆ ನೂರಕ್ಕೆ 30ರಷ್ಟಿದೆ. ಅಂದರೆ ಈ ಸಮಸ್ಯೆ ಯಾರೋ ಶ್ರೀಮಂತರ ಮನೆಯದ್ದಲ್ಲ. ನಮ್ಮ ನಿಮ್ಮೆಲ್ಲರ ಮನೆಗಳದ್ದು.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಹೊಸ ಮದ್ದುಗಳು ಬಂದಿವೆ. ಮೊಬೈಲಿನಲ್ಲೇ ವೈದ್ಯರನ್ನು ಕಂಡು, ಚೀಟಿ ಬರೆಸಿಕೊಂಡು, ಮದ್ದನ್ನು ಮನೆ ಬಾಗಿಲಿಗೆ ತರಿಸಿಕೊಳ್ಳುವ ವ್ಯವಸ್ಥೆಯೂ ಬಂದಿದೆ. ಇದು ಸರಿಯೇ, ತಪ್ಪೇ ಎಂದು ಅನೇಕ ಸಹೋದರಿಯರು ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸುವಂತಹ ಪ್ರಶ್ನೆ ಇದಲ್ಲ. ಮೊದಲು ಮದ್ದಿನ ಕುರಿತು ಸ್ವಲ್ಪ ತಿಳಿದುಕೊಳ್ಳೋಣ.

ನಾವು ಊಟ ಮಾಡಿದಾಗ ಕರುಳಿನಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನು ಹುಟ್ಟುತ್ತದೆ. ಅದು ಹೊಟ್ಟೆ ತುಂಬಿತೆಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಹೊಟ್ಟೆಯಲ್ಲಿರುವ ಆಹಾರ ಕರುಳಿಗೆ ಇಳಿಯುವುದನ್ನು ನಿಧಾನಗೊಳಿಸುತ್ತದೆ. ಸೆಮಾಗ್ಲುಟೈಡ್ ಎಂಬ ಮದ್ದು ಈ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. ಮೊದಲು, 2017ರಲ್ಲಿ, ಇದಕ್ಕೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದ್ದು ಸಕ್ಕರೆ ಕಾಯಿಲೆಗೆ. ತೂಕ ಇಳಿಸಲು ಸಿಕ್ಕಿದ್ದು 2021ರಲ್ಲಿ. ಟಿರ್ಜೆಪಟೈಡ್ ಎಂಬುದು ಇದರ ಜೊತೆಗೆ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಮೌಂಜಾರೊ ಎಂಬ ಹೆಸರಿನಲ್ಲಿ ಅದು 2025ರ ಮಾರ್ಚ್‌ನಲ್ಲಿಯೂ, ವೆಗೋವಿ ಎಂಬ ಹೆಸರಿನಲ್ಲಿ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿಯೂ ಭಾರತದ ಮಾರುಕಟ್ಟೆಗೆ ಬಂದವು. ಇವು ವಾರಕ್ಕೊಮ್ಮೆ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಚುಚ್ಚಿಕೊಳ್ಳುವ ಇಂಜೆಕ್ಷನ್‌ಗಳು.

ಗುಣವಿಲ್ಲದ ಮದ್ದು ಇವಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ 1961 ಮಂದಿ ಭಾಗವಹಿಸಿದ್ದರು. 68 ವಾರಗಳ ಬಳಿಕ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ನೂರಕ್ಕೆ 15ರಷ್ಟು ಇಳಿದಿತ್ತು. ಮದ್ದಿಲ್ಲದ ಸೂಜಿ ಪಡೆದವರಲ್ಲಿ ಇಳಿದದ್ದು ನೂರಕ್ಕೆ ಎರಡೂವರೆಯಷ್ಟು ಮಾತ್ರ. ಎರಡೂ ಗುಂಪಿನವರಿಗೆ ಊಟ ಮತ್ತು ವ್ಯಾಯಾಮದ ಕುರಿತು ಸಲಹೆ ನೀಡಲಾಗಿತ್ತು ಎಂಬುದನ್ನು ಗಮನಿಸಬೇಕು. ಜಾಹೀರಾತುಗಳು ಹೇಳದ ಇನ್ನೊಂದು ಸಂಗತಿಯೂ ಇದೆ. ಅವರಲ್ಲಿ ಕೆಲವರನ್ನು ಮದ್ದು ನಿಲ್ಲಿಸಿದ ಮೇಲೆ ಮತ್ತೊಂದು ವರ್ಷ ಗಮನಿಸಲಾಯಿತು. ಇಳಿದಿದ್ದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಹಾಗಾದರೆ ಇದು ಮದುವೆಗೆ ಮುಂಚೆ ಎರಡು ತಿಂಗಳು ಚುಚ್ಚಿಸಿಕೊಂಡು ಬಿಟ್ಟುಬಿಡುವ ಸಾಮಗ್ರಿಯಲ್ಲ. ಬಿಪಿ ಮಾತ್ರೆಯಂತೆ ದೀರ್ಘಕಾಲದ ಚಿಕಿತ್ಸೆ.

ಇಲ್ಲಿ ಹಳೆಯ ಒಂದು ಪಾಠವನ್ನೂ ನೆನಪಿಸಬೇಕಾಗಿದೆ. ತೂಕ ಇಳಿಸುತ್ತವೆಂದು ಅಮೆರಿಕದಲ್ಲಿ ಲಕ್ಷಾಂತರ ಮಂದಿ ನುಂಗುತ್ತಿದ್ದ ಫೆನ್‌ಫ್ಲುರಮಿನ್ ಜಾತಿಯ ಮಾತ್ರೆಗಳನ್ನು 1997ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅವು ಹೃದಯದ ಕವಾಟಗಳನ್ನು ಕೆಡಿಸುತ್ತಿದ್ದವು. ಸಿಬುಟ್ರಮಿನ್ ಎಂಬುದಕ್ಕೂ 2010ರಲ್ಲಿ ಅದೇ ಗತಿಯಾಯಿತು. ಹೊಸ ಮದ್ದುಗಳು ಅವುಗಳಂತೆ ಎಂದು ಇದರರ್ಥವಲ್ಲ. ಬೇರೆಯೇ ಜಾತಿಯ ಮದ್ದುಗಳಿವು, ಹೃದಯರೋಗವಿರುವ ಕೆಲವರಿಗೆ ಇವುಗಳಿಂದ ಪ್ರಯೋಜನವೇ ಆಗಿದೆ. ಆದರೆ ತೂಕ ಇಳಿಸುವ ಆತುರದಲ್ಲಿ ಮನುಷ್ಯನು ಏನನ್ನೂ ವಿಚಾರಿಸದೆ ನುಂಗುತ್ತಾನೆಂಬುದಕ್ಕೆ ಆ ಕಾಲವೇ ಸಾಕ್ಷಿ.

ಇರಲಿ, ಈ ಆತುರ ಎಲ್ಲಿಂದ ಬರುತ್ತದೆ? ಅನೇಕ ಸಲ ಅದು ರೋಗಿಯ ದೇಹದಿಂದಲ್ಲ, ನೋಡುವವರ ನಾಲಗೆಯಿಂದ ಬರುತ್ತದೆ. ಹುಡುಗಿ ನೋಡಲು ಬಂದವರು ಚಹಾ ಕುಡಿದು, ತಿಂಡಿ ತಿಂದು, ಹೊರಡುವಾಗ ಹುಡುಗಿ ಸ್ವಲ್ಪ ದಪ್ಪ ಎಂದು ಹೇಳಿ ಹೋಗುತ್ತಾರೆ. ಹೆರಿಗೆಯಾಗಿ ನಲ್ವತ್ತು ದಿನ ಕಳೆದಿಲ್ಲ, ಆಗಲೇ ನಾದಿನಿಯಿಂದ ಚುಚ್ಚುಮಾತು. ಗಂಡನಾದರೋ ತಮಾಷೆಗೆಂದು ಒಂದು ಅಡ್ಡಹೆಸರಿಟ್ಟು ಮಕ್ಕಳ ಮುಂದೆಯೇ ಕರೆಯುತ್ತಾನೆ. ಸ್ತ್ರೀಯರು ಇತರ ಸ್ತ್ರೀಯರನ್ನು ಗೇಲಿ ಮಾಡಬಾರದೆಂದೂ ಕೆಟ್ಟ ಹೆಸರುಗಳಿಂದ ಕರೆಯಬಾರದೆಂದೂ ಪವಿತ್ರ ಕುರ್‌ಆನಿನ ಹುಜುರಾತ್ ಅಧ್ಯಾಯವು ಸ್ಪಷ್ಟವಾಗಿ ನಿಷೇಧಿಸಿದೆ. ಹಝ್ರತ್ ಆಯಿಶಾ(ರ) ಒಮ್ಮೆ ಹಝ್ರತ್ ಸಫಿಯ್ಯಾರ(ರ) ಗಿಡ್ಡ ಮೈಕಟ್ಟಿನ ಕುರಿತು ಒಂದು ಮಾತಾಡಿದಾಗ, ಆ ಒಂದು ಮಾತು ಸಮುದ್ರದ ನೀರನ್ನೂ ಕೆಡಿಸುವಂಥದ್ದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಪ್ರೀತಿಯ ಪತ್ನಿಗೇ ಇಷ್ಟು ಕಠಿಣ ಎಚ್ಚರಿಕೆಯಾದರೆ ನಮ್ಮ ಅಡುಗೆಮನೆಯ ಮಾತುಗಳ ಗತಿಯೇನು?

ಅದೇ ಆಯಿಶಾ(ರ) ತಮ್ಮ ಮದುವೆಯ ದಿನಗಳನ್ನು ನೆನಪಿಸಿಕೊಂಡು ಹೇಳಿದ ಒಂದು ಸಂಗತಿ ಇದೆ. ಮಗಳನ್ನು ಪ್ರವಾದಿವರ್ಯರ(ಸ) ಮನೆಗೆ ಕಳುಹಿಸುವ ಮುನ್ನ ಸ್ವಲ್ಪ ಮೈತುಂಬಿಕೊಳ್ಳಲಿ ಎಂದು ಅವರ ತಾಯಿ ಬಯಸಿದ್ದರು. ಏನೇನೋ ತಿನ್ನಿಸಿ ಪ್ರಯೋಜನವಾಗದೆ ಕೊನೆಗೆ ಸೌತೆಕಾಯಿಯನ್ನು ತಾಜಾ ಖರ್ಜೂರದೊಂದಿಗೆ ತಿನ್ನಿಸಿದರು. ಅದು ಫಲಿಸಿತು. ಅಂದು ಮದುವೆಗಾಗಿ ದಪ್ಪ ಮಾಡುತ್ತಿದ್ದರು, ಇಂದು ಮದುವೆಗಾಗಿ ತೆಳ್ಳಗೆ ಮಾಡುತ್ತಾರೆ. ಮುಂದೆ ಕೆಲವು ವರ್ಷಗಳ ಬಳಿಕ ಅವರ ಮೈ ಸ್ವಲ್ಪ ಭಾರವಾಯಿತು. ಮುಂಚೆ ಪತಿಯೊಂದಿಗೆ ಓಡಿ ಗೆದ್ದಿದ್ದ ಅವರು ಆಗ ಸೋತರು. ಅಂದಿನದ್ದಕ್ಕೆ ಇದು ಸರಿಹೋಯಿತೆಂದು ಪ್ರವಾದಿವರ್ಯರು(ಸ) ಆತ್ಮೀಯವಾಗಿ ಹೇಳಿದರೇ ಹೊರತು ಆ ತೂಕವನ್ನು ಆಡಿಕೊಳ್ಳಲಿಲ್ಲ. ಪತಿಯಂದಿರು ಈ ಘಟನೆಯನ್ನು ಓದಬೇಕು.

ಆದುದರಿಂದ ಸಹೋದರಿಯರೇ, ಮದ್ದಿಗೆ ಕೈ ಹಾಕುವ ಮುನ್ನ ಇದು ರೋಗದ ಚಿಕಿತ್ಸೆಯೇ ಅಥವಾ ಯಾರದೋ ಮಾತಿಗೆ ಉತ್ತರವೇ ಎಂದು ನಿಮ್ಮೊಳಗೇ ಕೇಳಿಕೊಳ್ಳಿರಿ. ರೋಗವಾದರೆ ನಾಚಿಕೆ ಬೇಡ, ಚಿಕಿತ್ಸೆ ಪಡೆಯಿರಿ. ಯಾರದೋ ಮಾತಾದರೆ ಅದಕ್ಕೆ ಸೂಜಿಯಲ್ಲಿ ಮದ್ದಿಲ್ಲ.

ಇನ್ನು ಮೊಬೈಲಿನ ಮೂಲಕ ವೈದ್ಯರನ್ನು ಕಾಣುವ ವಿಷಯ. ಇದನ್ನು ಸಾರಾಸಗಟಾಗಿ ತಳ್ಳಿಹಾಕುವವರು ಒಂದು ಸಣ್ಣ ಊರಿನ ಗೃಹಿಣಿಯ ಸ್ಥಿತಿಯನ್ನು ಯೋಚಿಸಬೇಕು. ಹಾರ್ಮೋನು ತಜ್ಞರು ಇರುವುದು ದೂರದ ಪೇಟೆಯಲ್ಲಿ. ಹೋಗಲು ಜೊತೆಗೆ ಯಾರಾದರೂ ಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು, ಒಂದು ದಿನದ ಕೂಲಿ ಹೋಗುತ್ತದೆ. ಪುರುಷ ವೈದ್ಯರ ಮುಂದೆ ತನ್ನ ಮುಟ್ಟಿನ ತೊಂದರೆಯನ್ನೂ ಮೈಭಾರವನ್ನೂ ಹೇಳಿಕೊಳ್ಳಲು ಸಂಕೋಚ. ಅಂಥವಳಿಗೆ ತನ್ನ ಮನೆಯಲ್ಲೇ ಕುಳಿತು ಒಬ್ಬ ಮಹಿಳಾ ವೈದ್ಯರೊಡನೆ ಮಾತಾಡಲು ಸಾಧ್ಯವಾಗುವುದು ಅನುಗ್ರಹವೇ ಸರಿ. ಸರಕಾರದ ಇ-ಸಂಜೀವನಿ ಸೇವೆಯೂ ದೂರದಿಂದ ಉಚಿತವಾಗಿ ವೈದ್ಯರ ಸಲಹೆ ಒದಗಿಸುತ್ತದೆ.

ಕಾನೂನಿನಲ್ಲಿಯೂ ಇದಕ್ಕೆ ಅನುಮತಿ ಇದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ದೂರವೈದ್ಯಕೀಯದ ನಿಯಮಗಳನ್ನು ಪ್ರಕಟಿಸಿತು. ಅದರಂತೆ ನೋಂದಾಯಿತ ವೈದ್ಯರು ಮಾತ್ರ ಹೀಗೆ ಚಿಕಿತ್ಸೆ ನೀಡಬಹುದು. ಚೀಟಿಯಲ್ಲಿ ಅವರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು. ಅನೇಕ ಮದ್ದುಗಳನ್ನು ಮೊದಲ ಭೇಟಿಯಲ್ಲೇ ಬರೆಯಬೇಕಾದರೆ ಆ ಭೇಟಿ ವೀಡಿಯೋ ಮೂಲಕ ನಡೆಯಬೇಕು. ರೋಗಿಯನ್ನು ಎದುರಿನಲ್ಲೇ ಪರೀಕ್ಷಿಸಬೇಕೆಂದು ಕಂಡರೆ ಬನ್ನಿರಿ ಎಂದು ಹೇಳುವ ಹೊಣೆ ವೈದ್ಯರದ್ದು. ಯಂತ್ರಬುದ್ಧಿಯ ತಂತ್ರಾಂಶವು ವೈದ್ಯರಿಗೆ ನೆರವಾಗಬಹುದೇ ಹೊರತು ತಾನೇ ಸಲಹೆ ನೀಡಿ ಮದ್ದು ಬರೆಯುವಂತಿಲ್ಲ. ಹಾಗಾದರೆ ವೈದ್ಯರ ಮುಖವನ್ನೇ ಕಾಣದೆ, ಹೆಸರೂ ತಿಳಿಯದೆ, ಹಣ ಪಾವತಿಸಿದ ಐದು ನಿಮಿಷದಲ್ಲಿ ಚೀಟಿ ಬಂದರೆ ಅದು ಚಿಕಿತ್ಸೆಯಲ್ಲ, ವ್ಯಾಪಾರ. ಬೊಜ್ಜನ್ನು ಗುಣಪಡಿಸುತ್ತೇವೆಂದು ಮದ್ದಿನ ಜಾಹೀರಾತು ನೀಡುವುದನ್ನೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ವೈದ್ಯವಿದ್ಯೆ ಅರಿಯದವನು ಚಿಕಿತ್ಸೆ ಮಾಡಿದರೆ ಆದ ಹಾನಿಗೆ ಅವನೇ ಹೊಣೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಆದರೆ ಹೊಣೆಯೆಲ್ಲ ವೈದ್ಯರದ್ದೇ ಅಲ್ಲ. ನಾನು ಒತ್ತಿ ಹೇಳಬಯಸುವ ವಿಷಯ ಇದುವೇ. ಆಸ್ಪತ್ರೆಗೆ ಹೋದಾಗ ತಕ್ಕಡಿಯೇ ನಮ್ಮ ತೂಕ ಹೇಳುತ್ತದೆ. ವೈದ್ಯರು ಹೊಟ್ಟೆ ಮುಟ್ಟಿ ನೋಡುತ್ತಾರೆ, ಕತ್ತು ನೋಡುತ್ತಾರೆ, ನಾಡಿ ಹಿಡಿಯುತ್ತಾರೆ. ನಾವು ಮರೆಮಾಚಿದ್ದನ್ನು ದೇಹವೇ ಹೇಳಿಬಿಡುತ್ತದೆ. ದೂರದ ಭೇಟಿಯಲ್ಲಾದರೋ ವೈದ್ಯರಿಗೆ ನಮ್ಮ ಮಾತಲ್ಲದೆ ಹೆಚ್ಚಿನದೇನೂ ಇಲ್ಲ. ಎತ್ತರ ಎಷ್ಟು, ತೂಕ ಎಷ್ಟು, ಯಾವ ಕಾಯಿಲೆಗಳಿವೆ, ಗರ್ಭಿಣಿಯೇ ಎಂಬ ಪ್ರಶ್ನೆಗಳಿಗೆ ನಾವು ಬರೆದದ್ದೇ ಸಾಕ್ಷ್ಯ. ಅದನ್ನು ನಂಬಿ ಅವರು ಸಹಿ ಹಾಕುತ್ತಾರೆ.

ಇಲ್ಲಿಯೇ ಸುಳ್ಳು ನುಸುಳುತ್ತದೆ. ತೂಕ ಇಳಿಸಲು ವೆಗೋವಿಯನ್ನು ಸಾಮಾನ್ಯವಾಗಿ ಬರೆಯುವುದು ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ, ಇಲ್ಲವೇ 27 ಅಥವಾ ಅದಕ್ಕಿಂತ ಹೆಚ್ಚಿದ್ದು ಜೊತೆಗೆ ಬಿಪಿ, ಸಕ್ಕರೆ ಕಾಯಿಲೆಯಂತಹ ತೊಂದರೆ ಇರುವವರಿಗೆ. ಬಿಎಂಐ ಎಂದರೆ ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ. 155 ಸೆಂಟಿಮೀಟರ್ ಎತ್ತರದ ಸಹೋದರಿ 60 ಕಿಲೋ ತೂಗಿದರೆ ಬಿಎಂಐ 25ರಷ್ಟಾಗುತ್ತದೆ. 73 ಕಿಲೋ ತೂಗಿದರೆ 30 ದಾಟುತ್ತದೆ. 60 ಇರುವವಳು ಗೆಳತಿಯ ಸಲಹೆಯಂತೆ 73 ಎಂದು ಬರೆಯುತ್ತಾಳೆ. ಮದ್ದು ಸಿಗುತ್ತದೆ. ಹದಿಮೂರು ಕಿಲೋ ಸುಳ್ಳಿಗೆ ವೈದ್ಯರ ಸಹಿ ಸಿಕ್ಕಿದಂತಾಯಿತು!

ಬ್ರಿಟನ್‌ನಲ್ಲಿ ಈ ತೊಂದರೆ ಎಷ್ಟು ಬೆಳೆಯಿತೆಂದರೆ, ಔಷಧಾಲಯಗಳನ್ನು ನಿಯಂತ್ರಿಸುವ ಅಲ್ಲಿನ ಮಂಡಳಿಯು 2025ರ ಫೆಬ್ರವರಿಯಲ್ಲಿ ನಿಯಮವನ್ನು ಬಿಗಿಗೊಳಿಸಬೇಕಾಯಿತು. ರೋಗಿ ತುಂಬಿಸಿ ಕಳಿಸಿದ ಪ್ರಶ್ನಾವಳಿಯನ್ನಷ್ಟೇ ನಂಬಿ ತೂಕ ಇಳಿಸುವ ಮದ್ದು ಕೊಡಕೂಡದು. ಹೇಳಿದ ತೂಕ, ಎತ್ತರ ನಿಜವೇ ಎಂದು ವೀಡಿಯೋ ಕರೆ, ಮುಖತಃ ಭೇಟಿ, ಹಳೆಯ ದಾಖಲೆ ಅಥವಾ ರೋಗಿಯ ಕುಟುಂಬವೈದ್ಯರ ಮೂಲಕ ಖಚಿತಪಡಿಸಿಕೊಳ್ಳಬೇಕು. ಕಾನೂನು ಇಷ್ಟನ್ನು ಮಾಡಬಲ್ಲದು. ಕೋಣೆಯ ಬಾಗಿಲು ಮುಚ್ಚಿ ಮೊಬೈಲ್ ಹಿಡಿದವಳನ್ನು ನೋಡುವವನು ಅಲ್ಲಾಹನೊಬ್ಬನೇ.

ಸುಳ್ಳು ಸಾಕ್ಷ್ಯವನ್ನು ಪ್ರವಾದಿವರ್ಯರು(ಸ) ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಅದನ್ನು ಹೇಳುವಾಗ ಒರಗಿ ಕುಳಿತಿದ್ದವರು ನೇರವಾಗಿ ಕುಳಿತು, ಸಂಗಡಿಗರು ಇನ್ನು ಸಾಕೆಂದು ಬಯಸುವಷ್ಟು ಸಲ ಆ ಮಾತನ್ನು ಪುನರಾವರ್ತಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಅದು ನ್ಯಾಯಾಲಯದ ಮಾತು, ಇದು ನನ್ನ ದೇಹದ ಮಾತು, ಇದರಿಂದ ಬೇರೆ ಯಾರಿಗೆ ನಷ್ಟ ಎಂದು ಕೆಲವರು ವಾದಿಸಬಹುದು. ಮೊದಲನೆಯದಾಗಿ, ವೈದ್ಯರನ್ನು ವಂಚಿಸಲಾಯಿತು. ನಾಳೆ ಹಾನಿಯಾದರೆ ಚೀಟಿಯಲ್ಲಿರುವುದು ಅವರ ಹೆಸರು. ಎರಡನೆಯದಾಗಿ, ದೇಹವು ನಮ್ಮ ಸೊತ್ತಲ್ಲ, ಅಮಾನತು. ಹಗಲಿಡೀ ಉಪವಾಸ, ಇರುಳಿಡೀ ನಮಾಝ್ ಮಾಡುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್‌ರಿಗೆ(ರ), ನಿಮ್ಮ ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ತಿಳಿಹೇಳಿದರು. ಆರಾಧನೆಯ ಹೆಸರಿನಲ್ಲಿಯೂ ದೇಹವನ್ನು ದಣಿಸಬಾರದೆಂದಾದರೆ ಸುಳ್ಳಿನ ಚೀಟಿಯಿಂದ ದಣಿಸುವುದು ಹೇಗೆ ಸರಿಯಾದೀತು?

ವೈದ್ಯರು ಕೇಳುವ ಪ್ರಶ್ನೆಗಳ ಹಿಂದೆ ಏನಿದೆ ಎಂಬುದನ್ನು ತಿಳಿದರೆ ಸುಳ್ಳು ಹೇಳಲು ಮನಸ್ಸು ಬಾರದು. ಸ್ತ್ರೀಯರಿಗೆ ಮುಖ್ಯವಾದುದು ಗರ್ಭದ ಪ್ರಶ್ನೆ. ಗರ್ಭಿಣಿಯರು ಈ ಮದ್ದು ತೆಗೆದುಕೊಳ್ಳಬಾರದು. ಮಗು ಬೇಕೆಂದು ಬಯಸುವವರು ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮುಂಚೆಯೇ ನಿಲ್ಲಿಸಬೇಕು. ಅದು ದೇಹದಿಂದ ಹೊರಹೋಗಲು ಅಷ್ಟು ಕಾಲ ಬೇಕು. ಮೊಲೆಯೂಡುವ ತಾಯಂದಿರು ವೈದ್ಯರಿಗೆ ಅದನ್ನು ಹೇಳಲೇಬೇಕು. ಪಿಸಿಒಡಿ ಎಂದು ಕರೆಯುವ ತೊಂದರೆ ಇರುವವರು, ಮುಟ್ಟು ಏರುಪೇರಾಗಿ, ತನಗೆ ಹೇಗೂ ಗರ್ಭ ನಿಲ್ಲುವುದಿಲ್ಲವೆಂದು ನಿರಾಶರಾಗಿರುವುದುಂಟು. ತೂಕ ಇಳಿದಂತೆ ಅಂಡಾಣು ಬಿಡುಗಡೆ ಪುನಃ ಸರಿಯಾಗಿ ಅರಿವಿಲ್ಲದೆಯೇ ಗರ್ಭ ಧರಿಸಬಹುದು. ಟಿರ್ಜೆಪಟೈಡ್ ಪಡೆಯುವವರಲ್ಲಿ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಬಹುದು. ಆದುದರಿಂದ ಆರಂಭಿಸಿದ ಬಳಿಕ ನಾಲ್ಕು ವಾರ, ಪ್ರತಿಸಲ ಪ್ರಮಾಣ ಹೆಚ್ಚಿಸಿದ ಬಳಿಕವೂ ನಾಲ್ಕು ವಾರ ಬೇರೆ ವಿಧಾನ ಬಳಸಬೇಕೆಂದು ಹೇಳಲಾಗುತ್ತದೆ. ಇವೆಲ್ಲ ಪತಿಪತ್ನಿ ಕೂತು ಮಾತಾಡಬೇಕಾದ ವಿಷಯಗಳು. ಗಂಡನಿಗೆ ತಿಳಿಯದಂತೆ ಮದ್ದು ತರಿಸಿ ಫ್ರಿಜ್ಜಿನ ಮೂಲೆಯಲ್ಲಿ ಅಡಗಿಸಿಡುವವರು ಇದನ್ನು ಯಾರೊಡನೆ ಮಾತಾಡುತ್ತಾರೆ?

ಮನೆತನದಲ್ಲಿ ಯಾರಿಗಾದರೂ ಮೆಡುಲರಿ ಎಂಬ ಜಾತಿಯ ಥೈರಾಯ್ಡ್ ಕ್ಯಾನ್ಸರ್ ಇತ್ತೇ ಎಂಬ ಪ್ರಶ್ನೆಯೂ ಬರುತ್ತದೆ. ಇದ್ದರೆ ಈ ಮದ್ದು ಬೇಡ. ಥೈರಾಯ್ಡ್ ಎಂದಾಕ್ಷಣ ಎಲ್ಲರೂ ಹೆದರಬೇಕಾಗಿಲ್ಲ, ದಿನವೂ ಥೈರಾಯ್ಡ್ ಮಾತ್ರೆ ನುಂಗುವ ಸಾಮಾನ್ಯ ತೊಂದರೆ ಬೇರೆ. ಆದರೆ ಆ ಮಾತ್ರೆಯ ವಿಷಯವನ್ನೂ ಹೇಳಬೇಕು. ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತೇ, ಪಿತ್ತಕೋಶದಲ್ಲಿ ಕಲ್ಲಿತ್ತೇ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಪಡೆಯುತ್ತೀರಾ ಎಂಬ ಪ್ರಶ್ನೆಗಳೂ ಹಾಗೆಯೇ. ಅತಿಯಾಗಿ ಹಸಿದುಕೊಂಡಿದ್ದು ಬಳಿಕ ತಿಂದದ್ದನ್ನು ಬೆರಳು ಹಾಕಿ ವಾಂತಿ ಮಾಡುವ ಚಾಳಿ ಕೆಲವು ಹೆಣ್ಣುಮಕ್ಕಳಲ್ಲಿದೆ. ತಾಯಿಗೂ ಹೇಳದ ಆ ಗುಟ್ಟನ್ನು ವೈದ್ಯರಿಗೆ ಹೇಳಲೇಬೇಕು. ಅಂಥವಳ ಕೈಗೆ ಹಸಿವು ಕೊಲ್ಲುವ ಮದ್ದು ಸಿಗುವುದು ಎಷ್ಟು ಅಪಾಯಕಾರಿ ಎಂಬುದನ್ನು ಊಹಿಸಿರಿ.

ಚೀಟಿ ಸರಿಯಾಗಿ ಸಿಕ್ಕಿದ ಮೇಲೆಯೂ ಅಮಾನತು ಮುಗಿಯುವುದಿಲ್ಲ. ಸೆಮಾಗ್ಲುಟೈಡನ್ನು ವಾರಕ್ಕೆ 0.25 ಮಿಲಿಗ್ರಾಂನಿಂದ ಆರಂಭಿಸಿ ನಾಲ್ಕು ವಾರಗಳಿಗೊಮ್ಮೆ ಹಂತ ಹಂತವಾಗಿ 2.4ರವರೆಗೆ ಏರಿಸುವುದು ಕ್ರಮ. ಬೇಗ ಇಳಿಯಲೆಂದು ಮೆಟ್ಟಿಲು ಹಾರಿದವರು ವಾಂತಿಭೇದಿಯಿಂದ ನೆಲ ಹಿಡಿಯುತ್ತಾರೆ. ಕ್ರಮಪ್ರಕಾರ ಪಡೆದವರಿಗೂ ಓಕರಿಕೆ, ಮಲಬದ್ಧತೆ ಇರುವುದುಂಟು. ತೂಕದೊಂದಿಗೆ ಮಾಂಸಖಂಡವೂ ಕರಗುವುದರಿಂದ ಮೊಟ್ಟೆ, ಮೀನು, ಬೇಳೆ, ಕಾಳುಗಳನ್ನು ಬಿಡಬಾರದು, ನಡಿಗೆಯನ್ನೂ ಬಿಡಬಾರದು. ಹೊಟ್ಟೆಯಲ್ಲಿ ಬೆನ್ನಿಗೂ ಹಬ್ಬುವ ತೀವ್ರ ನೋವು ಬಂದರೆ ಮೊಬೈಲಿನಲ್ಲಿ ಸಂದೇಶ ಬರೆಯುತ್ತಾ ಕುಳಿತುಕೊಳ್ಳದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಯಾವುದೇ ಆಪರೇಶನ್‌ಗೆ ಮುಂಚೆ ಅರಿವಳಿಕೆ ಕೊಡುವ ವೈದ್ಯರಿಗೂ ಈ ಮದ್ದಿನ ವಿಷಯ ತಿಳಿಸಬೇಕು.

ತನಗೆ ಬರೆದ ಮದ್ದನ್ನು ತಂಗಿಗೆ, ಗೆಳತಿಗೆ ಹಂಚುವುದು ಉಪಕಾರವಲ್ಲ. ಅವಳ ಪರವಾಗಿ ಆ ಪ್ರಶ್ನೆಗಳನ್ನು ಯಾರು ಕೇಳಿದರು? ಸೂಜಿ ಬದಲಿಸಿದರೂ ಒಬ್ಬರ ಪೆನ್ನನ್ನು ಇನ್ನೊಬ್ಬರು ಬಳಸಿದರೆ ರಕ್ತದ ಮೂಲಕ ಹರಡುವ ರೋಗಗಳು ಅಂಟಬಹುದು. ಚೀಟಿಯಿಲ್ಲದೆ ಕಡಿಮೆ ಬೆಲೆಗೆ ಎಲ್ಲಿಂದಲೋ ತರಿಸುವುದು ಇನ್ನೂ ಅಪಾಯಕರ. ನಕಲಿ ಸೆಮಾಗ್ಲುಟೈಡ್ 2023ರಲ್ಲಿ ಬ್ರೆಜಿಲ್, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಪತ್ತೆಯಾಗಿ 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಕೆ ನೀಡಿತು. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಅಡಿಯ ಒದ್ದೆಯನ್ನು ಕಂಡುಹಿಡಿದರು, ವಂಚಿಸುವವನು ನಮ್ಮವನಲ್ಲವೆಂದು ಸಾರಿದರು. ಪಾರ್ಸೆಲಿನಲ್ಲಿ ಬಂದ ಪೆನ್ನಿನೊಳಗೆ ಕೈಯಿಟ್ಟು ನೋಡುವಂತಿಲ್ಲ. ಮೊಹರು ಒಡೆದಿದ್ದರೆ, ಬ್ಯಾಚ್ ಸಂಖ್ಯೆ, ಅವಧಿ ಕಾಣದಿದ್ದರೆ, ತಂಪಿನ ವ್ಯವಸ್ಥೆಯಿಲ್ಲದೆ ಬಂದಿದ್ದರೆ ಬಳಸಬೇಡಿರಿ. ಪರವಾನಗಿ ಇರುವ ಮೆಡಿಕಲ್‌ನಿಂದ ಬಿಲ್ ಸಮೇತ ಖರೀದಿಸಿರಿ.

ರಮಝಾನ್ ಬಂದಾಗ ಇಂಜೆಕ್ಷನ್‌ನಿಂದ ಉಪವಾಸ ಮುರಿಯುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಚರ್ಮದಡಿಗೆ ಚುಚ್ಚುವ, ಪೋಷಣೆಗಾಗಿ ಅಲ್ಲದ ಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1997ರ ಜಿದ್ದಾ ಅಧಿವೇಶನದಲ್ಲಿ ತೀರ್ಮಾನಿಸಿದೆ. ವಾರಕ್ಕೊಮ್ಮೆಯ ಮದ್ದಾದ್ದರಿಂದ ಇಫ್ತಾರಿನ ಬಳಿಕ ಪಡೆದರೆ ಸಂಶಯಕ್ಕೂ ಎಡೆಯಿಲ್ಲ. ನಿಜವಾದ ತೊಂದರೆ ಬೇರೆ. ಹಸಿವೇ ಇಲ್ಲದೆ ಸಹರಿಯನ್ನು ಬಿಟ್ಟು, ಓಕರಿಕೆಯಿಂದ ನೀರನ್ನೂ ಕುಡಿಯದೆ ಹಗಲಿಡೀ ಇದ್ದರೆ ದೇಹ ಒಣಗಿ ತಲೆ ತಿರುಗುತ್ತದೆ. ರಮಝಾನ್‌ಗೆ ಕೆಲವು ವಾರ ಮೊದಲೇ ವೈದ್ಯರೊಡನೆ ಮಾತಾಡಿರಿ. ಆ ತಿಂಗಳಲ್ಲಿ ಮದ್ದಿನ ಪ್ರಮಾಣ ಏರಿಸಬೇಕೇ, ಸಕ್ಕರೆ ಕಾಯಿಲೆಯ ಇತರ ಮದ್ದುಗಳನ್ನು ಹೇಗೆ ಬದಲಿಸಬೇಕು ಎಂದು ಕೇಳಿರಿ. ಉಪವಾಸ ಹಿಡಿಯಬೇಡಿ ಎಂದು ಅವರು ಹೇಳಿದರೆ, ಜನ ಏನೆನ್ನುವರೋ ಎಂದು ಅಂಜಬೇಡಿರಿ. ರೋಗಿಗೆ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸುವ ಅನುಮತಿಯನ್ನು ಅಲ್‌ಬಕರ ಅಧ್ಯಾಯದಲ್ಲಿ ಅಲ್ಲಾಹನೇ ನೀಡಿದ್ದಾನೆ.